ಚೆಕಿಂಗಮ್ಮನ ಮನೆಯ ಕೆಂಪು ಬಾಣಗಳು

ಚೆಕಿಂಗಮ್ಮನಿಗೆ ಹೊಗಳುವುದಕ್ಕೆ ಬರುವುದಿಲ್ಲ ಎಂಬುದು ಇಡೀ ಬೀದಿಗೆ ಗೊತ್ತು. ಬರುವುದಾದರೂ ಹೇಗೆ? ಉಡುಪಿನ ಕಾರ್ಖಾನೆಯಲ್ಲಿ ಮದುವೆಯಾದ ಹೊಸತರಿಂದ ಇವತ್ತಿನವರೆಗೂ ಅವಳದು ಒಂದೇ ಕೆಲಸ, ಚೆಕಿಂಗು. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಮೇಜಿನ ಮೇಲೆ ಹರವಬೇಕು. ಕಾಲರು, ತೋಳು, ಗುಂಡಿಪಟ್ಟಿ ಎಲ್ಲವನ್ನೂ ಬೆರಳಲ್ಲಿ ಸವರಬೇಕು. ಹೊಲಿಗೆ ಎಲ್ಲಿ ತಪ್ಪಿದೆಯೋ ಅಲ್ಲಿ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಬಾಣದ ಮೊನೆ ತಪ್ಪಿನ ಕಡೆಗೇ ಇರಬೇಕು. ಚೆನ್ನಾಗಿರುವ ಅಂಗಿಗೆ ಏನೂ ಅಂಟಿಸುವುದಿಲ್ಲ, ಅದು ತೆಪ್ಪಗೆ ಮುಂದಕ್ಕೆ ಹೋಗುತ್ತದೆ. ಹೀಗಾಗಿ ಚೆನ್ನಾಗಿರುವುದರ ಬಗ್ಗೆ ಬಾಯಿ ಬಿಡುವ ಅಭ್ಯಾಸವೇ ಅವಳಿಗೆ ಬೆಳೆಯಲಿಲ್ಲ.

ಮನೆಯಲ್ಲೂ ಅದೇ ನಡೆಯುತ್ತಿತ್ತು. ರೋಲಿನ ಕೊನೆಯಲ್ಲಿ ಉಳಿದ ಬಾಣಗಳನ್ನು ಕಾರ್ಖಾನೆಯವರು ಕಸಕ್ಕೆ ಹಾಕುತ್ತಾರೆ. ಕಸಕ್ಕೆ ಹೋಗುವುದನ್ನು ಕಂಡರೆ ಇವಳಿಗೆ ಸಂಕಟ, ಮನೆಗೆ ತರುತ್ತಿದ್ದಳು. ನಲ್ಲಿ ಸೋರಿದರೆ ನಲ್ಲಿಗೊಂದು ಬಾಣ. ಗಂಡನ ಅಂಗಿಯ ಗುಂಡಿ ಕಿತ್ತುಹೋಗಿದ್ದರೆ ಅಂಗಿಗೊಂದು. ಪಾತ್ರೆಯ ತಳದಲ್ಲಿ ಜಿಡ್ಡು ಉಳಿದಿದ್ದರೆ ಪಾತ್ರೆಗೊಂದು. ಯಾರ ಕೆಲಸವೋ ಅವರು ಅದನ್ನು ಸರಿಮಾಡಬೇಕು, ಆಮೇಲೆ ಬಾಣ ಕೀಳಬೇಕು. ಸರಿಮಾಡದೆ ಕೀಳುವ ಹಾಗಿಲ್ಲ.

"ಬಾಯಲ್ಲಿ ಹೇಳಿದ್ರೆ ನಿಮಗೆಲ್ಲ ಮುಖ ದಪ್ಪ ಆಗತ್ತೆ. ಬಾಣ ಅಂಟಿಸಿದ್ರೆ ಯಾರ ಜೊತೆಗೂ ಜಗಳ ಇಲ್ಲ ನೋಡಿ," ಎಂಬುದು ಅವಳ ವಾದ.

"ನನ್ನ ತಲೆ ಮೇಲೂ ಒಂದು ಅಂಟಿಸಿಬಿಡು ತಾಯಿ. ಕೂದಲು ಎಲ್ಲಿ ಉದುರಿದೆ ಅಂತ ಜನಕ್ಕೆ ಗೊತ್ತಾಗ್ಲಿ," ಎನ್ನುತ್ತಿದ್ದ ಗಂಡ. ಗೋದಾಮಿನ ಕಾವಲು ಕೆಲಸದಿಂದ ನಿವೃತ್ತನಾಗಿದ್ದ ಅವನಿಗೆ ಈಗ ತಮಾಷೆಯೊಂದೇ ಉದ್ಯೋಗ.

ಸೊಸೆಯನ್ನು ಆರಿಸಿದ್ದೂ ಚೆಕಿಂಗಮ್ಮನೇ, ಅದೂ ಮುಖ ನೋಡುವ ಮೊದಲು ಕಾಲರು ನೋಡಿ. ಅದೇ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದ ಹುಡುಗಿ. ಅವಳ ಕೈಯಿಂದ ಬಂದ ಅಂಗಿಗಳಿಗೆ ಬಾಣ ಅಂಟಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಯಾರಪ್ಪಾ ಇವಳು ಎಂದು ಮಿಷಿನ್‌ಗಳ ಸಾಲಿಗೇ ಹೋಗಿ ವಿಚಾರಿಸಿ ಬಂದು, ಫ್ರಿಜ್ ರಿಪೇರಿ ಮಾಡುವ ಮಗನಿಗೆ ತೋರಿಸಿದಳು. ಮಗ ಕಾಲರಿನ ಗೊಡವೆಗೆ ಹೋಗಲಿಲ್ಲ, ಮುಖ ನೋಡಿದ. ಒಟ್ಟಿನಲ್ಲಿ ಎಲ್ಲರೂ ಒಪ್ಪಿದರು.

ಮೊದಲ ಬಸಿರಿನ ಏಳನೆಯ ತಿಂಗಳಲ್ಲಿ ಸೊಸೆಯ ಕಾಲುಗಳು ಚಪ್ಪಲಿಗೆ ಹಿಡಿಯದಷ್ಟು ಊದಿಕೊಂಡವು. "ದಿನವೆಲ್ಲ ಮಿಷಿನ್ ಮುಂದೆ ಕೂತ್ರೆ ಊದದೆ ಇನ್ನೇನಾಗತ್ತೆ? ನನಗೂ ಊದಿತ್ತು, ಇವನು ಹುಟ್ಟಲಿಲ್ವಾ?" ಎಂದಿದ್ದಳು ಅತ್ತೆ. ತಲೆನೋವು, ಕಣ್ಣ ಮುಂದೆ ಮಿಣುಕು ಮಿಣುಕು ಆಗುತ್ತಿದ್ದುದನ್ನು ಸೊಸೆ ಯಾರಿಗೂ ಹೇಳಲಿಲ್ಲ, ಕಾರ್ಖಾನೆಗೆ ಬಂದ ದೊಡ್ಡ ಆರ್ಡರು ಮುಗಿಯಲಿ ಎಂದುಕೊಂಡಳು. ಆರ್ಡರು ಮುಗಿಯುವ ಮೊದಲೇ ಮಿಷಿನ್ ಮೇಲೆ ಕುಸಿದಳು. ರಕ್ತದೊತ್ತಡ ಮಿತಿಮೀರಿದೆ, ಕಾದರೆ ಇಬ್ಬರಿಗೂ ಅಪಾಯ ಎಂದು ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಗಾಜಿನ ಪೆಟ್ಟಿಗೆಯಲ್ಲಿದ್ದ ಮೊಮ್ಮಗಳನ್ನು ನೋಡಿ ಅಜ್ಜ, "ಅಂಗಿ ಗುಂಡಿಯಷ್ಟೇ ಇದೆಯಲ್ಲೇ!" ಎಂದ. ಗುಂಡಿ ಎಂಬ ಹೆಸರು ಅಲ್ಲೇ ನಿಂತಿತು.

ಗುಂಡಿಯನ್ನು ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದ್ದರು: "ಒತ್ತಡ ಜಾಸ್ತಿ ಇದ್ದಿದ್ರಿಂದ ಹೊಟ್ಟೇಲಿ ಮಗುವಿಗೆ ರಕ್ತ ಸರಿಯಾಗಿ ಹೋಗಿಲ್ಲ. ಮೆದುಳು ಬೆಳೆಯೋ ಸಮಯ ಅದು. ನಡೆಯೋದು, ಮಾತಾಡೋದು, ಕಲಿಯೋದು ಕೆಲವು ಮಕ್ಕಳಿಗೆ ತಡ ಆಗಬಹುದು. ಏನೂ ತೊಂದರೆ ಆಗದೇನೂ ಇರಬಹುದು. ಗಮನಿಸ್ತಾ ಇರಿ."

ಗಮನಿಸುತ್ತಾ ಇರಿ! ಅದನ್ನು ಚೆಕಿಂಗಮ್ಮನಿಗೆ ಬೇರೆ ಹೇಳಿಕೊಡಬೇಕಾಗಿತ್ತೇ?

*

ಗುಂಡಿಗೆ ಎರಡು ವರ್ಷ ತುಂಬಲು ಬಂದಾಗ ಮತ್ತೆ ಆಸ್ಪತ್ರೆಗೆ ಹೋದರು. ಸೊಸೆ ಈಗ ಕಾರ್ಖಾನೆ ಬಿಟ್ಟು ಮನೆಯಲ್ಲೇ ಮಿಷಿನ್ ಹಾಕಿಕೊಂಡು ಪರದೆ, ದಿಂಬಿನ ಕವರು ಹೊಲಿಯುತ್ತಿದ್ದಳು. ಅತ್ತೆ ರಜೆ ಹಾಕಿ ಜೊತೆಗೆ ಹೊರಟಳು. ಬೇಡ ಎನ್ನುವ ಧೈರ್ಯ ಯಾರಿಗಿತ್ತು?

ಡಾಕ್ಟರಮ್ಮ ಗುಂಡಿಯನ್ನು ನಡೆಸಿ ನೋಡಿದರು. ನಡಿಗೆ ತಡವಾಗಿ ಬಂದಿದ್ದರೂ ಗಟ್ಟಿಯಾಗಿತ್ತು. ಪೆಟ್ಟಿಗೆಯೊಳಗೆ ಗೋಲಿ ಹಾಕಿಸಿ ನೋಡಿದರು. ಆಮೇಲೆ ಪ್ರಶ್ನೆಗಳು ಬಂದವು.

"ಮಾತು?"

"ಇಲ್ಲ," ಎಂದಳು ಸೊಸೆ. "ಹ್ಮ್ ಹ್ಮ್ ಅಂತಾಳೆ ಅಷ್ಟೆ."

"ಕರೆದ್ರೆ ತಿರುಗ್ತಾಳಾ?"

"ತಿರುಗ್ತಾಳೆ," ಎಂದಳು ಸೊಸೆ.

"ಒಂದೊಂದ್ಸಲ," ಎಂದಳು ಅತ್ತೆ ಅದೇ ಉಸಿರಿಗೆ.

"ಏನಾದ್ರೂ ಬೇಕಾದ್ರೆ ಬೆರಳು ಮಾಡಿ ತೋರಿಸ್ತಾಳಾ? ತೋರಿಸಿ, ನೀವು ನೋಡಿದ್ರಾ ಅಂತ ನಿಮ್ಮ ಮುಖ ನೋಡ್ತಾಳಾ?"

ಇಲ್ಲ. ಗುಂಡಿ ಯಾವತ್ತೂ ಬೆರಳು ತೋರಿಸಿರಲಿಲ್ಲ.

"ಇದು ನಾವು ಮುಖ್ಯವಾಗಿ ನೋಡೋ ವಿಷಯ," ಎಂದರು ಡಾಕ್ಟರಮ್ಮ. "ಆರು ವಾರ ಬಿಟ್ಟು ಬನ್ನಿ. ಆಗಲೂ ಹೀಗೇ ಇದ್ರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡ್ತೀನಿ. ಅಲ್ಲೀವರೆಗೂ ಚೆನ್ನಾಗಿ ಮಾತಾಡಿಸಿ, ಆಟ ಆಡಿಸಿ. ಗಾಬರಿ ಬೇಡ."

ಆ ರಾತ್ರಿ ಊಟಕ್ಕೆ ಕೂರುವ ಮೊದಲು, ಅಡುಗೆಮನೆಯಲ್ಲಿ ಬೇಳೆ ಕದಡುತ್ತಿದ್ದ ಚೆಕಿಂಗಮ್ಮನ ಕಿವಿಗೆ ಕೋಣೆಯೊಳಗಿನ ಮಾತು ಬಿತ್ತು.

"ಕಾಲು ಊದಿದ್ದನ್ನ ನಿಮ್ಮಮ್ಮ ಕಣ್ಣಾರೆ ನೋಡಿದ್ರು ರೀ. ಅವತ್ತೇ ಆಸ್ಪತ್ರೆಗೆ ಹೋಗು ಅಂದಿದ್ರೆ..."

"ನೀನಾದ್ರೂ ತಲೆನೋವು ಅಂತ ಹೇಳಬಹುದಿತ್ತಲ್ವಾ?" ಇದು ಮಗನ ದನಿ.

ಸೌಟು ಪಾತ್ರೆಯಲ್ಲೇ ನಿಂತಿತು. ಓಹೋ, ಹಾಗೋ ಸಮಾಚಾರ! ತಲೆನೋವು ಮುಚ್ಚಿಟ್ಟವಳು ಅವಳು, ತಪ್ಪು ನನ್ನ ತಲೆಗೆ! ಚೆಕಿಂಗಮ್ಮನಿಗೆ ಮೈಯೆಲ್ಲ ಉರಿಯಿತು. ಆದರೆ ಆ ಉರಿಯ ಅಡಿಯಲ್ಲಿ ಭಯವೂ ಇತ್ತು, ಅದನ್ನು ಅವಳು ಯಾರೆದುರೂ ಬಾಯಿ ಬಿಡುವವಳಲ್ಲ. ಊದಿದ ಕಾಲನ್ನು ಅವಳು ನೋಡಿದ್ದು ನಿಜ. ನೋಡಿಯೂ ಮುಂದಕ್ಕೆ ಕಳಿಸಿದ್ದಳು.

*

ಅಂದಿನಿಂದ ಮನೆಯಲ್ಲಿ ಗುಂಡಿಯ ಮೇಲೆ ಕಾವಲು ಶುರುವಾಯಿತು. ಚೆಕಿಂಗಮ್ಮ ಕೆಲಸದಿಂದ ಬಂದವಳೇ ಕೈಕಾಲು ತೊಳೆದು, ಮೊಮ್ಮಗಳ ಬೆನ್ನ ಹಿಂದೆ ಚಮಚ ಬಾರಿಸುತ್ತಿದ್ದಳು. ಗುಂಡಿ ತಿರುಗಿದರೆ ಮತ್ತೊಂದು ಸಲ. ತಿರುಗದಿದ್ದರೆ ಇನ್ನೊಂದು ಸಲ. ಬಟ್ಟಲ ಕೆಳಗೆ ಬಿಸ್ಕತ್ತು ಬಚ್ಚಿಟ್ಟು, "ಎಲ್ಲಿ? ತೋರಿಸು, ತೋರಿಸು!" ಎಂದು ಕೂರುತ್ತಿದ್ದಳು. ಗುಂಡಿ ಬಟ್ಟಲನ್ನೂ ನೋಡದೆ ಅಜ್ಜಿಯ ಮುಖವನ್ನೇ ನೋಡುತ್ತಿತ್ತು.

"ಮಗುವೋ, ಪರೀಕ್ಷೆಗೆ ಕೂತಿರೋ ವಿದ್ಯಾರ್ಥಿನೋ? ಬಿಸ್ಕತ್ತು ಕೊಟ್ಟು ಸುಮ್ನಿರು," ಎಂದ ಅಜ್ಜ.

"ನಿಮಗೇನು ಗೊತ್ತು? ಒಂದ್ಸಲ ತಿರುಗ್ತಾಳೆ, ಒಂದ್ಸಲ ಇಲ್ಲ. ಯಾವಾಗ್ಲೂ ತಪ್ಪೋ ಹೊಲಿಗೆ ಸುಲಭ ರೀ, ಮಿಷಿನ್ ಸರಿಮಾಡಿದ್ರೆ ಮುಗೀತು. ಹೀಗೆ ಬಿಟ್ಟು ಬಿಟ್ಟು ತಪ್ಪತ್ತಲ್ಲ, ಅದೇ ಕಷ್ಟ."

ಬಾಗಿಲ ಬಳಿ ಪರದೆ ಮಡಚುತ್ತಿದ್ದ ಸೊಸೆಗೆ ಇದು ಕೇಳಿಸಿತು. ಪರದೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಒದರಿದಳು.

ಆ ವಾರವೇ ಮೊದಲನೆಯ ಬಾಣ ಕಾಣಿಸಿತು. ಬಿಸ್ಕತ್ತಿನ ಡಬ್ಬದ ಮೇಲೆ.

ಚೆಕಿಂಗಮ್ಮ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದಳು. ತೂತಿಲ್ಲ, ಜಜ್ಜಿಲ್ಲ, ಮುಚ್ಚಳ ಸರಿಯಾಗಿದೆ. ಅವಳು ಅಂಟಿಸಿದ್ದಲ್ಲ. ಹಾಗಾದರೆ ಯಾರು? ನಾನು ಮಗುವಿಗೆ ಬಿಸ್ಕತ್ತು ತೋರಿಸಿ ತೋರಿಸಿ ಕೊಡುವುದು ಇವಳ ಕಣ್ಣಿಗೆ ತಪ್ಪಾಗಿ ಕಂಡಿದೆ, ಬಾಯಲ್ಲಿ ಹೇಳಲಾರದೆ ನನ್ನ ಬಾಣವನ್ನೇ ನನಗೆ ತಿರುಗಿಸಿದ್ದಾಳೆ ಎಂದು ಅವಳು ಆ ಕ್ಷಣವೇ ತೀರ್ಮಾನಿಸಿದಳು. ಬಾಣ ಕಿತ್ತು ಒಲೆಗೆ ಹಾಕಿದಳು.

ಎರಡನೆಯದು ಬೀದಿ ಕಡೆಯ ಕಿಟಕಿಯ ಕೆಳಗಿನ ಗೋಡೆಯ ಮೇಲೆ ಬಂತು. ಸೊಸೆ ಅದನ್ನು ನೋಡಿ ಗೋಡೆ ಒರೆಸಿದಳು, ಕಿಟಕಿಯ ಸರಳುಗಳನ್ನೂ ಒರೆಸಿದಳು. ಬಾಣ ಕಿತ್ತಳು. ಸಂಜೆಯೊಳಗೆ ಅದೇ ಜಾಗದಲ್ಲಿ ಇನ್ನೊಂದಿತ್ತು.

"ಇನ್ನೆಷ್ಟು ಒರೆಸಬೇಕಂತೆ ನಿಮ್ಮಮ್ಮನಿಗೆ?" ಎಂದು ಅವಳು ಗಂಡನನ್ನು ಕೇಳಿದಳು. "ಗೋಡೆ ಸವೆಯೋವರೆಗೂನಾ?"

"ನನ್ನನ್ಯಾಕೆ ಕೇಳ್ತೀಯಾ? ಅಮ್ಮನ್ನೇ ಕೇಳು."

"ಕೇಳಿ ಬದುಕಿದವರು ಯಾರಾದ್ರೂ ಇದಾರಾ ಈ ಮನೇಲಿ?"

ನೀರಿನ ಬಕೆಟ್ಟಿಗೆ ಒಂದು. ಸೊಸೆಯ ಹೊಲಿಗೆ ಮಿಷಿನ್‌ನ ಕಾಲಿಗೆ ಒಂದು. ಅಜ್ಜನ ಟಾರ್ಚಿಗೆ ಒಂದು. ಅವನು ಮಾತ್ರ, "ಹೌದು, ಬ್ಯಾಟರಿ ವೀಕ್ ಆಗಿದೆ," ಎಂದು ಖುಷಿಯಾಗಿ ಹೊಸ ಬ್ಯಾಟರಿ ತಂದು ಹಾಕಿದ. ಮಿಷಿನ್ ಮೇಲಿನ ಬಾಣ ನೋಡಿದ ದಿನ ಸೊಸೆ ಮಧ್ಯಾಹ್ನದ ಊಟ ಬಿಟ್ಟಳು. ಮಿಷಿನ್ ಮುಂದೆ ಕೂತಿದ್ದಕ್ಕೇ ಮಗು ಹೀಗಾಯಿತು ಎಂದು ಅತ್ತೆ ಬಾಯಿ ಬಿಡದೆ ಹೇಳುತ್ತಿದ್ದಾಳೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

*

ಕಾರ್ಖಾನೆಯಲ್ಲಿ ಮರ್ಯಾದೆ ಹೋದದ್ದು ಅದರ ಮುಂದಿನ ವಾರ.

ಚೆಕಿಂಗಮ್ಮ ತನ್ನ ಮೇಜಿನ ಕಡೆಗೆ ನಡೆಯುತ್ತಿದ್ದಾಗ ಹಿಂದಿನಿಂದ ಇಸ್ತ್ರಿ ಹೆಂಗಸು ಕೂಗಿದಳು. ಅವಳ ಗಂಟಲಿಗೆ ಮೈಕು ಬೇಡ.

"ಏನೇ ಚೆಕಿಂಗಮ್ಮ, ನಿನ್ನನ್ನೇ ಯಾರೋ ರಿಜೆಕ್ಟ್ ಮಾಡಿದಾರಲ್ಲೇ!"

ಬೆನ್ನ ನಡುಮಧ್ಯದಲ್ಲಿ ಕೆಂಪು ಬಾಣ. ಸಾಲಿಗೆ ಸಾಲೇ ಮಿಷಿನ್ ನಿಲ್ಲಿಸಿ ನಕ್ಕಿತು. ಇಷ್ಟು ವರ್ಷ ಇವಳ ಬಾಣ ತಿಂದವರೆಲ್ಲ ಬಡ್ಡಿ ಸಮೇತ ನಕ್ಕರು. "ಯಾವ ಹೊಲಿಗೆ ಬಿಟ್ಟಿದೆ ನೋಡ್ರೇ!" ಎಂದೊಬ್ಬಳು, "ವಾಪಸ್ ಕಳಿಸಿ, ಬಿಚ್ಚಿ ಹೊಲೀಲಿ!" ಎಂದು ಇನ್ನೊಬ್ಬಳು. ಚೆಕಿಂಗಮ್ಮ ನಗಲಿಲ್ಲ. ಬೆಳಗ್ಗೆ ಹೊಸಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುವಾಗ ಹಿಂದೆ ಯಾರಿದ್ದರು? ಸೊಸೆ ಪಾತ್ರೆ ತೊಳೆಯುತ್ತಿದ್ದಳು. ತೊಳೆಯುತ್ತಿದ್ದಳೋ, ತೊಳೆಯುವ ಸದ್ದು ಮಾಡುತ್ತಿದ್ದಳೋ?

ಆ ಸಂಜೆ ಊಟದ ಹೊತ್ತಿಗೆ ಎಲ್ಲವೂ ಹೊರಬಿತ್ತು. ಸೊಸೆ ಆಲೂಗಡ್ಡೆ ಬಡಿಸಲು ಬಂದಾಗ ಚೆಕಿಂಗಮ್ಮ ತಟ್ಟೆಗೆ ಕೈ ಅಡ್ಡ ಹಿಡಿದಳು.

"ನನ್ನಲ್ಲಿ ಏನು ತಪ್ಪಿದೆ ಅಂತ ಬಾಯಲ್ಲಿ ಹೇಳಮ್ಮ. ಬೆನ್ನಿಗೆ ಅಂಟಿಸಿ ಊರೆಲ್ಲ ಮೆರವಣಿಗೆ ಮಾಡಿಸಬೇಡ."

"ಏನು ಅಂಟಿಸಿದ್ದು ಅತ್ತೆ?"

"ಏನೂ ಗೊತ್ತಿಲ್ಲದವಳ ಹಾಗೆ ಆಡಬೇಡ."

"ನನ್ನ ಮಿಷಿನ್‌ಗೆ ಅಂಟಿಸಿದವರು ಯಾರು ಹಾಗಾದ್ರೆ? ಗೋಡೆಗೆ? ಬಕೆಟ್ಟಿಗೆ? ನಾನು ಮುಟ್ಟಿದ್ದೆಲ್ಲ ತಪ್ಪೇನಾ ಈ ಮನೇಲಿ?"

"ನಾನು ಅಂಟಿಸಲಿಲ್ಲ!"

"ನಾನೂ ಅಂಟಿಸಲಿಲ್ಲ!"

"ಹಾಗಾದ್ರೆ ಬಾಣಕ್ಕೇ ಕಾಲು ಬಂದಿರಬೇಕು," ಎಂದ ಅಜ್ಜ. ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದ ರೀತಿಗೆ ಅವನು ಬಾಯಿಗಿಟ್ಟ ತುತ್ತನ್ನು ಅಗಿಯದೆ ನುಂಗಿದ.

ಮಗ ತಟ್ಟೆ ಸರಿಸಿ ಎದ್ದ. "ದಿನವಿಡೀ ಅವರಿವರ ಮನೆ ಫ್ರಿಜ್ ಹಿಂದೆ ತಲೆ ತೂರಿಸಿ ಬರ್ತೀನಿ. ಇಲ್ಲಿ ಬಂದ್ರೆ ಇದು. ಆ ಸ್ಟಿಕ್ಕರ್ ರೋಲನ್ನ ಮೊದಲು ಬಿಸಾಕಮ್ಮ."

ಬಿಸಾಡುವುದೇ? ಆಗದ ಮಾತು. ಚೆಕಿಂಗಮ್ಮ ಮನೆಯಲ್ಲಿದ್ದ ಬಾಣಗಳನ್ನೆಲ್ಲ ತಗಡಿನ ಟ್ರಂಕಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡಳು. ಈಗ ನೋಡೋಣ ಎಂದಳು. ಮಾರನೆಯ ಬೆಳಗ್ಗೆ ಅವಳ ಬಲಗಾಲಿನ ಚಪ್ಪಲಿಯ ಮೇಲೆ ಒಂದು ಕೆಂಪು ಬಾಣ ಕೂತಿತ್ತು.

ಅಂದಿನಿಂದ ಅತ್ತೆ ಸೊಸೆಯ ನಡುವೆ ಮಾತು ನಿಂತಿತು. ಹೇಳಬೇಕಾದ್ದನ್ನೆಲ್ಲ ಗುಂಡಿಗೆ ಹೇಳುವರು. "ಗುಂಡಿ, ನಿಮ್ಮಜ್ಜಿಗೆ ಚಹಾ ಆರ್ತಿದೆ ಅಂತ ಹೇಳು." "ಗುಂಡಿ, ನಿಮ್ಮಮ್ಮನಿಗೆ ಹಾಲು ಉಕ್ಕತ್ತೆ ಅಂತ ಹೇಳು." ಮಾತೇ ಬಾರದ ಮಗು ಇಬ್ಬರ ಮುಖವನ್ನೂ ನೋಡುತ್ತಾ ಮಧ್ಯೆ ನಿಂತಿರುತ್ತಿತ್ತು.

*

ಭಾನುವಾರ. ಡಾಕ್ಟರಮ್ಮ ಕೊಟ್ಟ ಗಡುವು ಹತ್ತಿರ ಬರುತ್ತಿತ್ತು. ಗುಂಡಿಗೆ ಹಿಂದಿನ ದಿನದಿಂದ ಮೈ ಬೆಚ್ಚಗಿತ್ತು, ಸುಮ್ಮಸುಮ್ಮನೆ ರಚ್ಚೆ, ಅನ್ನ ಬಾಯಿಗಿಟ್ಟರೆ ಉಗುಳುತ್ತಿತ್ತು. ದವಡೆ ಹಲ್ಲು ಬರುತ್ತಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಮಧ್ಯಾಹ್ನ ಅತ್ತು ಅತ್ತು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ನಿದ್ದೆಹೋಯಿತು. ಚೆಕಿಂಗಮ್ಮ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು.

ಮಹಡಿಯಿಂದ ಒಣಗಿದ ಬಟ್ಟೆ ತಂದ ಸೊಸೆ ಮಗುವಿನ ಕಡೆ ಬಗ್ಗಿದಳು. ಬಟ್ಟೆಯ ರಾಶಿ ನೆಲಕ್ಕೆ ಬಿತ್ತು.

ಗುಂಡಿಯ ಕೆನ್ನೆಯ ಮೇಲೆ, ಕಿವಿಯ ಹತ್ತಿರ, ಕೆಂಪು ಬಾಣ.

"ನನ್ನ ಮಗಳಿಗೆ ಅಂಟಿಸಿದ್ರಾ?" ಎಂದಳು ಸೊಸೆ. ದನಿ ಬೀದಿಗೆಲ್ಲ ಕೇಳುವಂತೆ ಹೊರಟಿತು. "ನನ್ನ ಮಗಳ ತಲೆಗೆ ಬಾಣ ಅಂಟಿಸಿದ್ರಾ ಅತ್ತೆ? ತಪ್ಪು ಹೊಲಿದ ಅಂಗಿನಾ ಅವಳು? ರಿಜೆಕ್ಟ್ ಮಾಲಾ?"

"ಅಯ್ಯೋ, ನನ್ನಾಣೆ ಕಣೇ, ನಾನು..."

"ಟ್ರಂಕಿನ ಕೀಲಿ ಯಾರ ಕೊರಳಲ್ಲಿದೆ?"

ಚೆಕಿಂಗಮ್ಮನ ಕೈ ತಾನಾಗಿ ಕೊರಳಿಗೆ ಹೋಯಿತು.

ಸೊಸೆ ಮಗುವಿನ ಕೆನ್ನೆಯಿಂದ ಬಾಣವನ್ನು ಸರ್ರನೆ ಕಿತ್ತಳು. ಗುಂಡಿ ಬೆಚ್ಚಿಬಿದ್ದು ಕಿರುಚಿಕೊಂಡು ಎದ್ದಿತು. ಜಗಲಿಯಲ್ಲಿ ಮಲಗಿದ್ದ ಅಜ್ಜ ಓಡಿಬಂದ. ಬೀದಿಯಲ್ಲಿ ಗಾಡಿ ತೊಳೆಯುತ್ತಿದ್ದ ಮಗ ಒದ್ದೆ ಕೈಯಲ್ಲೇ ಒಳಗೆ ಬಂದ. ಸೊಸೆ ಅಷ್ಟರಲ್ಲಿ ಚೀಲ ಎಳೆದು ಮಗುವಿನ ಬಟ್ಟೆ ತುರುಕುತ್ತಿದ್ದಳು.

"ಎಲ್ಲಿಗೆ?" ಎಂದ ಮಗ.

"ನಮ್ಮಮ್ಮನ ಮನೆಗೆ. ಅಲ್ಲಿ ಯಾರೂ ನನ್ನ ಮಗಳನ್ನ ದೀಪದ ಕೆಳಗೆ ಹಿಡಿದು ನೋಡಲ್ಲ."

"ಅಮ್ಮ, ಏನಿದು?" ಮಗನ ಮುಖದಲ್ಲೂ ಅನುಮಾನವಿತ್ತು. ಅದು ಚೆಕಿಂಗಮ್ಮನಿಗೂ ಕಂಡಿತು. ಹೆತ್ತ ಮಗನೂ ನಂಬುತ್ತಿಲ್ಲ! ಗಂಡನ ಕಡೆ ನೋಡಿದಳು. ಅವನು ಮೊದಲ ಬಾರಿಗೆ ತಮಾಷೆ ಮಾಡದೆ ನೆಲ ನೋಡಿದ. ಅವಳು ಮೊರ ಸರಿಸಿದ ರಭಸಕ್ಕೆ ಅಕ್ಕಿ ನೆಲಕ್ಕೆ ಚೆಲ್ಲಿತು. ಇವರೆಲ್ಲ ಹೀಗೆ ನನ್ನ ಬಗ್ಗೆ ಅಂದುಕೊಳ್ಳುವ ಹಾಗೆ ನಾನೇ ಮಾಡಿಟ್ಟಿದ್ದೇನಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು.

ಈ ಗದ್ದಲದಲ್ಲಿ ಗುಂಡಿಯನ್ನು ಯಾರೂ ನೋಡುತ್ತಿರಲಿಲ್ಲ. ಎಷ್ಟೋ ವಾರಗಳಿಂದ ಮೊದಲ ಸಲ.

ಗುಂಡಿ ಬಿಕ್ಕುತ್ತಾ ಮಂಚದಿಂದ ಜಾರಿ ಇಳಿದಳು. ಮಂಚದ ಕೆಳಗೆ ತೂರಿ, ಅಜ್ಜನ ಹಳೆಯ ಕಾವಲು ಬೂಟಿನೊಳಗೆ ಕೈ ಹಾಕಿದಳು. ಕೈ ಹೊರಬಂದಾಗ ಅದರಲ್ಲಿ ಟ್ರಂಕು ಸೇರದೆ ಉಳಿದಿದ್ದ ಕೆಂಪು ಬಾಣಗಳ ಉದ್ದನೆಯ ಪಟ್ಟಿಯಿತ್ತು. ನಾಲಿಗೆ ತುದಿ ಕಚ್ಚಿಕೊಂಡು, ಉಗುರಲ್ಲಿ ಕೆರೆದು ಕೆರೆದು ಒಂದನ್ನು ಎಬ್ಬಿಸಿದಳು. ಅದನ್ನು ಒಯ್ದು ಅಮ್ಮ ಕಿತ್ತ ಜಾಗದಲ್ಲೇ, ಕೆನ್ನೆಯ ಮೇಲೆ ಕಿವಿಯ ಹತ್ತಿರ, ಒತ್ತಿ ಅಂಟಿಸಿಕೊಂಡಳು. ಆಮೇಲೆ ಅಜ್ಜಿಯ ಮುಂದೆ ಬಂದು ನಿಂತು, ಕಣ್ಣೀರಿಳಿಯುತ್ತಿದ್ದ ಕಣ್ಣಲ್ಲಿ ಅವಳ ಮುಖವನ್ನೇ ನೋಡಿದಳು.

ಚೀಲ ಸೊಸೆಯ ಕೈಯಿಂದ ಜಾರಿತು.

ಬಾಣ ಕಂಡರೆ ಚೆಕಿಂಗಮ್ಮನ ಕಣ್ಣು ಬಾಣದ ಮೇಲೆ ನಿಲ್ಲುವುದಿಲ್ಲ. ಅದು ಅವಳ ಕಸುಬು. ಕಣ್ಣು ತಾನಾಗಿ ಮೊನೆಯ ಕಡೆಗೆ ಹರಿಯುತ್ತದೆ. ಮೊನೆ ತಲೆಯ ಕಡೆಗಿರಲಿಲ್ಲ. ಕಿವಿಯ ತೂತಿನ ಕಡೆಗಿತ್ತು.

"ರೀ, ಟಾರ್ಚು ತನ್ನಿ," ಎಂದಳು.

ಹೊಸ ಬ್ಯಾಟರಿಯ ಬೆಳಕು ಚೆನ್ನಾಗಿ ಬಿತ್ತು. ಕಿವಿಯೊಳಗೆ ಕೆಂಪಗೆ ಊದಿತ್ತು, ಅಂಚಿನಲ್ಲಿ ಕೀವು ಜಿನುಗಿತ್ತು. ಬೆರಳು ತಾಗಿದ್ದಕ್ಕೇ ಗುಂಡಿ ಚೀರಿದಳು.

"ಕಿವಿ ಕಣೇ," ಎಂದಳು ಚೆಕಿಂಗಮ್ಮ ಸೊಸೆಗೆ, ಎಷ್ಟೋ ದಿನದ ಮೇಲೆ ನೇರವಾಗಿ ಅವಳಿಗೇ. "ಹಲ್ಲಲ್ಲ, ಕಿವಿ. ಇಲ್ಲಿ ನೋವಾಗ್ತಿದೆ, ನೋಡ್ರೋ ಅಂತ ನಮಗೆ ಹೇಳ್ತಿದಾಳೆ. ನೀನು ಕಿತ್ತರೂ ಮತ್ತೆ ಅಂಟಿಸಿದ್ಲು ನೋಡು. ಸರಿಮಾಡದೆ ಕೀಳಬಾರದು ಅಂತ ಅವಳಿಗೂ ಗೊತ್ತು!"

*

ಭಾನುವಾರವಾದರೂ ಡಾಕ್ಟರಮ್ಮ ಆಸ್ಪತ್ರೆಯಲ್ಲೇ ಇದ್ದರು. ಕಿವಿ ನೋಡಿದರು, ಔಷಧಿ ಬರೆದರು. ಕಿವಿಯ ಪರದೆಯ ಹಿಂದೆ ನೀರು ತುಂಬಿದೆ, ಬಹಳ ದಿನದಿಂದಲೇ ಇದ್ದಿರಬಹುದು, ಅದಕ್ಕೇ ಒಮ್ಮೆ ಕೇಳಿಸಿ ಒಮ್ಮೆ ಕೇಳಿಸದೆ ಇರಬಹುದು ಎಂದರು. ಸೋಂಕು ವಾಸಿಯಾದ ಮೇಲೆ ಕೇಳುವ ಪರೀಕ್ಷೆ ಮಾಡಿಸಬೇಕು.

"ಇನ್ನೂ ಬೆರಳು ತೋರಿಸ್ತಾ ಇಲ್ವಾ?"

"ಬೆರಳು ತೋರಿಸಲ್ಲ ಡಾಕ್ಟ್ರೇ," ಎಂದಳು ಸೊಸೆ. "ಬಾಣ ಅಂಟಿಸ್ತಾಳೆ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಚೆಕಿಂಗಮ್ಮ ಚೀಲದಿಂದ ಪಟ್ಟಿ ತೆಗೆದು ಗುಂಡಿಯ ಕೈಗೆ ಕೊಟ್ಟಳು. ಗುಂಡಿ ಕೋಣೆಯನ್ನೊಮ್ಮೆ ನೋಡಿ, ಗಾಜಿನ ಬೀರುವಿನ ಹತ್ತಿರ ನಡೆದು, ಬಾಗಿಲಿಗೆ ಒಂದು ಬಾಣ ಅಂಟಿಸಿದಳು. ಮೊನೆ ಮೇಲಕ್ಕಿತ್ತು. ಮೇಲಿನ ಹಲಗೆಯಲ್ಲಿ ಹಳದಿ ಬಣ್ಣದ ಗೊಂಬೆ ಕೂತಿತ್ತು. ಅಂಟಿಸಿ, ತಿರುಗಿ ಅಮ್ಮನ ಮುಖ ನೋಡಿದಳು.

"ನೋಡಿದ್ರಾ?" ಎಂದರು ಡಾಕ್ಟರಮ್ಮ, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ. "ತಿರುಗಿ ನಿಮ್ಮ ಮುಖ ನೋಡಿದ್ಲು. ನಾನು ಕೇಳಿದ್ದು ಇದನ್ನೇ."

"ಹಾಗಾದ್ರೆ ಮೆದುಳು ಸರಿಯಾಗಿದೆ ಅಲ್ವಾ?" ಚೆಕಿಂಗಮ್ಮನಿಗೆ ತಡೆಯಲಾಗಲಿಲ್ಲ.

"ಒಳ್ಳೆ ಲಕ್ಷಣ ಅಂತ ಹೇಳ್ತೀನಿ. ಅದಕ್ಕಿಂತ ಹೆಚ್ಚು ಈಗಲೇ ಹೇಳಲ್ಲ. ಮಾತು ತಡವಾಗಿದೆ, ಅದನ್ನ ಕಲಿಸೋರ ಹತ್ತಿರ ಹೋಗಬೇಕು. ಸ್ಕೂಲಿಗೆ ಸೇರಿದ ಮೇಲೂ ಗಮನ ಇಟ್ಟಿರಬೇಕು."

ಅಂತೂ ಆಗಬಹುದು, ಆಗದೇ ಇರಬಹುದು ಎನ್ನುವಲ್ಲೇ ಮತ್ತೆ ನಿಂತಿತು. ಚೆಕಿಂಗಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಡಾಕ್ಟ್ರೇ, ಆವಾಗ ಒತ್ತಡ ಏರಿದ್ದು... ಮಿಷಿನ್ ಮುಂದೆ ಕೂತಿದ್ದಕ್ಕಾ? ಇಲ್ಲ, ಯಾರಾದ್ರೂ ನೋಡಿ ಸುಮ್ನಿದ್ದಕ್ಕಾ?"

ಸೊಸೆ ತಲೆ ಎತ್ತಿ ಅತ್ತೆಯನ್ನು ನೋಡಿದಳು.

"ಕೂತಿದ್ದಕ್ಕೆ ಬರಲ್ಲ, ಅದು ಯಾರೂ ಬರಿಸೋದೂ ಅಲ್ಲ. ಬೇಗ ಬಂದಿದ್ರೆ ಬೇಗ ಹಿಡೀತಿದ್ವಿ, ಅದು ನಿಜ. ಮುಂದೆ ಮನೇಲಿ ಯಾರಿಗಾದ್ರೂ ಬಸಿರಲ್ಲಿ ಊತ, ತಲೆನೋವು, ಕಣ್ಣು ಮಿಣುಕು ಬಂದ್ರೆ ಆ ದಿನವೇ ಓಡಿ ಬನ್ನಿ."

ಬಸ್ ನಿಲ್ದಾಣದಲ್ಲಿ ಗುಂಡಿ ಅಪ್ಪನ ಹೆಗಲ ಮೇಲೆ ನಿದ್ದೆಹೋಗಿತ್ತು. ಅತ್ತೆ ಸೊಸೆ ಬೆಂಚಿನ ಮೇಲೆ ಕೂತಿದ್ದರು.

"ಬಿಸ್ಕತ್ತಿನ ಡಬ್ಬ," ಎಂದಳು ಸೊಸೆ. "ಬಿಸ್ಕತ್ತು ಬೇಕು ಅಂತ."

"ನಾನು ಒಲೆಗೆ ಹಾಕಿದೆ."

"ಕಿಟಕಿ... ಎತ್ಕೊಂಡು ಬೀದಿ ತೋರಿಸಿ ಅಂತ. ನಾನು ಗೋಡೆ ಒರೆಸಿದ್ದೇ ಒರೆಸಿದ್ದು." ಅವಳಿಗೆ ನಗು ಬಂತು, ನಗುವಿನ ಜೊತೆ ಕಣ್ಣೀರೂ ಬಂತು. "ಮಿಷಿನ್, ಸಾಕು ಎದ್ದು ಬಾ ಅಂತ. ಅತ್ತೆ, ನಾನು ಆವಾಗ್ಲೂ ಎದ್ದು ಬರಲಿಲ್ಲ."

ಚೆಕಿಂಗಮ್ಮ ಸೊಸೆಯ ಕೈಮೇಲೆ ಕೈಯಿಟ್ಟಳು. ತನಗೆ ಬರುವುದನ್ನೇ ಹೇಳಿದಳು. "ನಿನ್ನ ಕಾಲರಿಗೆ ನಾನು ಒಂದು ದಿನವೂ ಬಾಣ ಅಂಟಿಸಿಲ್ಲ ಕಣೇ."

"ಗೊತ್ತು ಅತ್ತೆ."

"ಬೆನ್ನಿಗೆ ಯಾಕೆ ಅಂಟಿಸಿದ್ಲು ಅಂತ? ನನ್ನ ಬೆನ್ನಲ್ಲೇನಿದೆ?"

ಸೊಸೆ ಅವಳನ್ನು ವಿಚಿತ್ರವಾಗಿ ನೋಡಿದಳು. "ಬೆಳಗ್ಗೆ ನೀವು ಹೊಸಿಲ ಮೇಲೆ ಕೂತು ಚಪ್ಪಲಿ ಹಾಕೋವಾಗ ಅವಳಿಗೆ ಕಾಣೋದು ಬೆನ್ನು ಒಂದೇ ಅಲ್ವಾ? ಆಮೇಲೆ ನೀವು ಹೊರಟುಬಿಡ್ತೀರಿ."

ಬಸ್ಸು ಬಂತು. ಚೆಕಿಂಗಮ್ಮ ಏಳುವುದನ್ನೇ ಮರೆತಳು. ಮಗ ಕೂಗಿ ಕರೆಯಬೇಕಾಯಿತು.

*

ಸೋಮವಾರ ಬೆಳಗ್ಗೆ ಟ್ರಂಕಿನ ಬೀಗ ತೆಗೆದಿತ್ತು. ಚೆಕಿಂಗಮ್ಮ ಹೊಸಿಲ ಮೇಲೆ ಕೂತು ಒಂದು ಚಪ್ಪಲಿ ಹಾಕಿಕೊಂಡಳು. ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡಳು.

"ತಡ ಆಗಲ್ವಾ?" ಎಂದ ಗಂಡ ಜಗಲಿಯಿಂದ.

"ಶ್! ಸುಮ್ನಿರಿ."

ಹಿಂದೆ ಪುಟ್ಟ ಹ್ಮ್ ಹ್ಮ್ ಸದ್ದು. ಕಾಗದ ಕೆರೆಯುವ ಸದ್ದು. ಚೆಕಿಂಗಮ್ಮ ತಿರುಗಲಿಲ್ಲ, ಬೆನ್ನು ನೆಟ್ಟಗೆ ಮಾಡಿ ಕಾದಳು. ಆಮೇಲೆ ಬೆನ್ನ ಮೇಲೆ ಅಂಗೈ ಬಿತ್ತು. ಚೆನ್ನಾಗಿ ಅಂಟಲಿ ಎಂದು ಅದು ಒಂದೆರಡು ಸಲ ಒತ್ತಿತು. ಆಗ ಅವಳು ತಿರುಗಿ ಮೊಮ್ಮಗಳನ್ನು ಎತ್ತಿಕೊಂಡು, ಒಂದೇ ಚಪ್ಪಲಿಯಲ್ಲಿ ಬೀದಿಯ ತುದಿಯವರೆಗೆ ಹೋಗಿ ಬಂದಳು.

ಕಾರ್ಖಾನೆಯಲ್ಲಿ ಇಸ್ತ್ರಿ ಹೆಂಗಸು ದೂರದಿಂದಲೇ ಕಂಡಳು. "ಅಯ್ಯೋ ಚೆಕಿಂಗಮ್ಮ, ಮತ್ತೆ ರಿಜೆಕ್ಟ್ ಆದ್ಯಾ? ಬಾ, ಕಿತ್ತುಹಾಕ್ತೀನಿ."

"ಮುಟ್ಟಬೇಡ!" ಎಂದಳು ಚೆಕಿಂಗಮ್ಮ. ಅಂಗಿಯೊಂದನ್ನು ದೀಪದ ಕೆಳಗೆ ಹರವುತ್ತಾ ಹೇಳಿದಳು: "ಇನ್ನೂ ಸರಿ ಮಾಡಿಲ್ಲ. ಸಂಜೆ ಬೇಗ ಹೋಗಿ ಗುಂಡೀನ ಮತ್ತೆ ಎತ್ಕೋಬೇಕು."